ಉಪ್ಪುನೀರೋ, ಸೋಪೋ, ಬರೀ ನೀರೋ? ಮನೆಗೆ ತಂದ ಸಾಮಾನಿನ ಮೇಲಿನ ವೈರಸ್‌ಗೆ ಯಾವ ದಾರಿ ಸರಿ

2020ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ದಂಟಿನ ಸೊಪ್ಪನ್ನೂ ಸೋಪಿನ ನೀರಿನಲ್ಲಿ ತೊಳೆದೆವು. ಲಾಕ್‌ಡೌನ್ ದಿನಗಳು. ತಳ್ಳುಗಾಡಿಯಿಂದ ತಂದ ತರಕಾರಿಯನ್ನು ಬಾಲ್ಕನಿಯಲ್ಲಿ ಹರಡಿಕೊಂಡು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಕೆಟ್ಟಿನಲ್ಲಿ ಒಂದೊಂದಾಗಿ ಅದ್ದುತ್ತಿದ್ದೆವು. ಬೀನ್ಸ್, ಬದನೆಕಾಯಿ ಹೇಗೋ ತಡೆದುಕೊಂಡವು. ಸೊಪ್ಪಿನ ಮಡಿಕೆಗಳಲ್ಲಿ ಮಾತ್ರ ಸೋಪು ಹಾಗೇ ಉಳಿದುಬಿಟ್ಟಿತ್ತು. ಅವತ್ತಿನ ಬಸ್ಸಾರಿಗೆ ಸೋಪಿನ ವಾಸನೆ. ಅತ್ತೆ ಬೇಡ ಅನ್ನದೆ ಊಟ ಮಾಡಿದರು. ಮರುದಿನವೆಲ್ಲ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಅವರನ್ನು ಕಾಪಾಡಬೇಕು ಅಂತಲೇ ಅಷ್ಟೆಲ್ಲ ಮಾಡಿದ್ದು. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಆಮೇಲೆ ಈ ವಿಷಯವನ್ನು ಓದುತ್ತಾ ಬಂದೆ. ಯಾವ ವಿಧಾನ ಯಾವುದಕ್ಕೆ ಕೆಲಸ ಮಾಡುತ್ತದೆ, ಯಾವುದು ಸುಮ್ನೆ ಸಮಾಧಾನಕ್ಕೆ ಅಂತ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ತಿಳಿದದ್ದು ಇಷ್ಟು. ಯಾವುದರಲ್ಲಿ ತೊಳೆಯಬೇಕು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಪದಾರ್ಥ ಒಲೆಗೆ ಹೋಗುತ್ತದಾ, ನೇರ ಬಾಯಿಗೆ ಹೋಗುತ್ತದಾ? ನಮ್ಮ ಅಡುಗೆಯಲ್ಲಿ ಬಹುಪಾಲು ಒಲೆಗೆ ಹೋಗುತ್ತದೆ. ಹೋಗದೆ ಉಳಿಯುವುದು ಕೋಸಂಬರಿ, ಮೊಸರುಬಜ್ಜಿಯ ಸೌತೆಕಾಯಿ, ಹಸಿ ಈರುಳ್ಳಿ, ಕಾಯಿಚಟ್ನಿ, ಹಣ್ಣು, ಮತ್ತೆ ಕೊನೆಗೆ ಉದುರಿಸುವ ಕೊತ್ತಂಬರಿ ಸೊಪ್ಪು. ನಿಮ್ಮ ಸಮಯ, ಶ್ರಮ ಎಲ್ಲ ಈ ಸಣ್ಣ ಗುಂಪಿನ ಮೇಲೆ ಖರ್ಚಾಗಬೇಕು.

ಎದುರಿಗೆ ಯಾವ ವೈರಸ್ ಇದೆ?

ವೈರಸ್‌ಗಳಲ್ಲಿ ಎರಡು ಬಗೆ. ಒಂದಕ್ಕೆ ಮೈಮೇಲೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ. ಕೊರೋನಾ, ಫ್ಲೂ, ಕೋಳಿಜ್ವರದ ವೈರಸ್ ಇವೆಲ್ಲ ಈ ಬಗೆಯವು. ಜಿಡ್ಡಿನ ಪಾತ್ರೆಯಿಂದ ಸೋಪು ಎಣ್ಣೆಯನ್ನು ಬಿಡಿಸುತ್ತದಲ್ಲ, ಹಾಗೆಯೇ ಈ ಹೊದಿಕೆಯನ್ನೂ ಬಿಡಿಸಿಹಾಕುತ್ತದೆ. ಹೊದಿಕೆ ಹರಿದರೆ ವೈರಸ್ ಸತ್ತ ಹಾಗೆ. ಸ್ಯಾನಿಟೈಸರ್ ಕೆಲಸ ಮಾಡುವುದೂ ಹೀಗೆಯೇ.

ಇನ್ನೊಂದು ಬಗೆಗೆ ಈ ಕೊಬ್ಬಿನ ಹೊದಿಕೆ ಇಲ್ಲ. ಪ್ರೋಟೀನಿನ ಗಟ್ಟಿ ಚಿಪ್ಪು ಮಾತ್ರ. ವಾಂತಿ-ಭೇದಿ ತರುವ ನೋರೋವೈರಸ್, ಜಾಂಡೀಸ್ ತರುವ ಹೆಪಟೈಟಿಸ್ ಎ, ಮಕ್ಕಳನ್ನು ಕಾಡುವ ರೋಟಾವೈರಸ್ ಈ ಗುಂಪಿಗೆ ಸೇರಿದವು. ಊಟ, ನೀರಿನ ಮೂಲಕ ಹರಡುವುದು ಹೆಚ್ಚಾಗಿ ಇವೇ. ಇವು ಸೋಪಿಗೆ ಸಾಯುವುದಿಲ್ಲ, ಸ್ಯಾನಿಟೈಸರ್‌ಗೂ ಜಾಸ್ತಿ ಬಗ್ಗುವುದಿಲ್ಲ. ನೋರೋವೈರಸ್ ಸ್ಟೀಲ್ ಕಟ್ಟೆಯ ಮೇಲೆ, ಬಾಗಿಲ ಹಿಡಿಯ ಮೇಲೆ ದಿನಗಟ್ಟಲೆ ಇರಬಲ್ಲದು. ಒಬ್ಬರಿಗೆ ಕಾಯಿಲೆ ಬರಲು ನೂರಕ್ಕಿಂತ ಕಡಿಮೆ ಕಣ ಸಾಕು.

ಕೊರೋನಾ ಕಾಲದಲ್ಲಿ ನಾವೆಲ್ಲ ಕಲಿತ ಪಾಠ ಮೊದಲ ಬಗೆಯದು. ಆದರೆ ಅಡುಗೆಮನೆಯಲ್ಲಿ ವರ್ಷವಿಡೀ ಎದುರಾಗುವುದು ಎರಡನೇ ಬಗೆ. ಗೊಂದಲ ಶುರುವಾಗುವುದು ಇಲ್ಲೇ.

ಪ್ಯಾಕೆಟ್‌ಗಳು: ಒರೆಸುವುದೋ, ಮೂರು ದಿನ ಹೊರಗಿಡುವುದೋ, ಸುಮ್ಮನೆ ಬಿಡುವುದೋ?

ಪ್ಯಾಕೆಟ್ ಭಯ ಹುಟ್ಟಿದ್ದು ಪ್ರಯೋಗಾಲಯದ ಅಂಕಿಗಳಿಂದ. 2020ರ ಮಾರ್ಚ್‌ನಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಕೊರೋನಾ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ, ಸ್ಟೀಲ್ ಮೇಲೆ 48 ಗಂಟೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆಯವರೆಗೆ ಸಿಕ್ಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಗಾಜು, ನೋಟಿನ ಮೇಲೆ 28 ದಿನ ಅಂದಿತು. ಕೇಳಿದರೆ ಯಾರಿಗಾದರೂ ಭಯ ಆಗುತ್ತದೆ.

ಆದರೆ ಆ ಪ್ರಯೋಗ ಹೇಗೆ ಮಾಡಿದರು ಅಂತ ನೋಡಬೇಕು. 28 ದಿನದ ಲೆಕ್ಕ ಕತ್ತಲಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಾಗಿನದು. ಅದೇ ಪ್ರಯೋಗದಲ್ಲಿ 40 ಡಿಗ್ರಿಗೆ ಏರಿಸಿದಾಗ ಕೆಲವು ವಸ್ತುಗಳ ಮೇಲೆ ಒಂದು ದಿನವೂ ಉಳಿಯಲಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಬಂದ ಪ್ಯಾಕೆಟ್‌ಗೂ ಆ ಕತ್ತಲ ಕೋಣೆಗೂ ಎಲ್ಲಿಂದೆಲ್ಲಿಯ ಸಂಬಂಧ? ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ವೈರಸ್ ಇರುವ ಜಾಗವನ್ನು ಒಮ್ಮೆ ಮುಟ್ಟಿದರೆ ಕೊರೋನಾ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ. ಅದು ಹರಡಿದ್ದು ಮುಖ್ಯವಾಗಿ ಉಸಿರಿನಿಂದ, ಬೇಳೆ ಪ್ಯಾಕೆಟ್ಟಿನಿಂದ ಅಲ್ಲ.

ಹಾಗಾಗಿ ಮೂರು ದಾರಿಗಳಲ್ಲಿ ನನ್ನ ಆಯ್ಕೆ ಮೂರನೆಯದು. ಪ್ಯಾಕೆಟ್ಟನ್ನು ಅದರ ಪಾಡಿಗೆ ಬಿಡಿ. ಸಾಮಾನು ಜೋಡಿಸಿ ಆದ ಮೇಲೆ ಕೈ ತೊಳೆಯಿರಿ. ಬೇಳೆಯನ್ನು ಡಬ್ಬಿಗೆ ಸುರಿದಾಗ ಇನ್ನೊಮ್ಮೆ ತೊಳೆಯಿರಿ. ಮೂರು ದಿನ ಹೊರಗಿಡುವುದರಿಂದ ಏನೂ ಕೆಡುಕಿಲ್ಲ, ಆದರೆ ಅದರ ಅಗತ್ಯವೂ ಇಲ್ಲ. ಸ್ಪ್ರೇ ಹೊಡೆದು ಒರೆಸುವುದರಲ್ಲಿ ಒಂದು ಅಪಾಯ ಇದೆ. ಪೇಪರ್ ಕವರ್, ಬಿಗಿಯಾಗಿ ಸೀಲ್ ಆಗದ ಬ್ರೆಡ್ ಕವರ್ ಮೇಲೆ ಹೊಡೆದ ರಾಸಾಯನಿಕ ಒಳಗೆ ಹೋಗಬಹುದು.

ಹಾಲಿನ ಪ್ಯಾಕೆಟ್ ಮಾತ್ರ ಬೇರೆ. ಅದು ಕ್ರೇಟಿನಲ್ಲಿ ಬರುತ್ತದೆ. ಪಕ್ಕದ ಪ್ಯಾಕೆಟ್ ಒಡೆದು ಹಾಲು ಮೆತ್ತಿರುತ್ತದೆ, ಅಂಗಡಿ ಮುಂದಿನ ಧೂಳು ಕೂತಿರುತ್ತದೆ. ನಾವು ಅದನ್ನೇ ಫ್ರಿಜ್ಜಿನಲ್ಲಿ ಇಡುತ್ತೇವೆ, ಅದರ ಮೂಲೆ ಕತ್ತರಿಸಿ ಹಾಲು ಸುರಿಯುತ್ತೇವೆ. ನಲ್ಲಿಯ ಕೆಳಗೆ ಹಿಡಿದು ತೊಳೆದು, ಒರೆಸಿ ಇಡಿ. ಇದು ವೈರಸ್‌ಗಾಗಿ ಅಲ್ಲ, ಕೊಳೆಗಾಗಿ.

ತರಕಾರಿ, ಸೊಪ್ಪು, ಹಣ್ಣು: ಇಲ್ಲಿ ನಿಂತು ನೋಡಬೇಕು

ಮೊದಲು ಸೋಪು. ಬೇಡವೇ ಬೇಡ. ತರಕಾರಿಯ ಮೈಮೇಲೆ ಕಣ್ಣಿಗೆ ಕಾಣದ ರಂಧ್ರಗಳಿವೆ, ಸೋಪು ಒಳಗೆ ಇಳಿಯುತ್ತದೆ. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರಲ್ಲಿ ಇದನ್ನೇ ಹೇಳಿತು: ಹಣ್ಣು ತರಕಾರಿಗೆ ಸೋಪು, ಸೋಂಕುನಾಶಕ, ವೈಪ್ಸ್ ಬಳಸಬೇಡಿ.

ಉಪ್ಪು-ಅರಿಶಿನದ ನೀರು ಎಲ್ಲರ ಮನೆಯಲ್ಲೂ ಇದೆ. ಹೂಕೋಸನ್ನು ಬಿಡಿಸಿ ಉಗುರುಬೆಚ್ಚಗಿನ ಉಪ್ಪುನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ಸಣ್ಣ ಹಸಿರು ಹುಳ ತೇಲಿ ಬರುತ್ತದೆ. ಕಣ್ಣೆದುರಿಗೆ ಹುಳ ಬಂದದ್ದು ನೋಡಿದ ಮೇಲೆ ಎಲ್ಲವೂ ಹೋಯಿತು ಅನ್ನಿಸುವುದು ಸಹಜ, ಅಲ್ವಾ? ಹುಳಕ್ಕೆ ಈ ವಿಧಾನ ಒಳ್ಳೆಯದು, ನಾನೂ ಬಿಟ್ಟಿಲ್ಲ. ಆದರೆ ನಾವು ಹಾಕುವ ಒಂದೆರಡು ಚಮಚ ಉಪ್ಪಿಗೆ ಹೆಪಟೈಟಿಸ್ ಎ, ನೋರೋವೈರಸ್ ಸಾಯುವುದಿಲ್ಲ. ಅರಿಶಿನ ಹಾಕಿದರೂ ಅಷ್ಟೇ. ಹೂಕೋಸು ಹೇಗೂ ಬೇಯುತ್ತದೆ, ತೊಂದರೆ ಇಲ್ಲ. ಅದೇ ಉಪ್ಪುನೀರನ್ನು ನಂಬಿ ದ್ರಾಕ್ಷಿಯನ್ನು ಬರೀ ಅದ್ದಿ ತೆಗೆದು ಮಗುವಿನ ಕೈಗೆ ಕೊಟ್ಟರೆ ತೊಂದರೆ.

ವಿನೆಗರ್ ಬ್ಯಾಕ್ಟೀರಿಯಾವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಗಟ್ಟಿ ಚಿಪ್ಪಿನ ವೈರಸ್‌ಗೆ ಅದು ಸಾಲದು. ಅಡುಗೆ ಸೋಡಾದ ಕಥೆ ಬೇರೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಮಾಡಿದ ಪ್ರಯೋಗದಲ್ಲಿ, ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ನೆನೆಸಿದಾಗ ಸಿಪ್ಪೆಯ ಮೇಲಿನ ಎರಡು ಬಗೆಯ ಕೀಟನಾಶಕ ಹೋಯಿತು. ಅದು ಕೀಟನಾಶಕದ ಮಾತು. ವೈರಸ್‌ಗೆ ಆ ಪ್ರಯೋಗವನ್ನು ಸಾಕ್ಷಿಯಾಗಿ ತರಬಾರದು. ಫಾರ್ವರ್ಡ್ ಮೆಸೇಜುಗಳಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹಾಕಿ ದ್ರಾಕ್ಷಿ ತೊಳೆಯುವ ಮನೆಗಳು ಈಗಲೂ ಇವೆ. ಅದರ ಅಳತೆ ಕಣ್ಣಂದಾಜು, ಬಣ್ಣ ನೋಡಿ ಹಾಕುವುದು. ಕಡಿಮೆಯಾದರೆ ಕೆಲಸ ಮಾಡದು, ಜಾಸ್ತಿಯಾದರೆ ಕೈ, ಬಾಯಿ ಸುಡುತ್ತದೆ. ನಾನು ಆರಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ತರಕಾರಿ ತೊಳೆಯುವ ಲಿಕ್ವಿಡ್‌ಗಳನ್ನೂ ಅಷ್ಟೇ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಂಥವು ಬೇಕಿಲ್ಲ, ಹರಿಯುವ ನೀರು ಸಾಕು ಅನ್ನುತ್ತದೆ.

ಹಾಗಾದರೆ ಕ್ಲೋರಿನ್? ಕೊಲ್ಲುವ ಲೆಕ್ಕದಲ್ಲಿ ನೋಡಿದರೆ ಮನೆಯಲ್ಲಿ ಮಾಡಬಹುದಾದವುಗಳಲ್ಲಿ ಇದೇ ಮುಂದೆ. ಬೇರೆ ಸೋಂಕುನಾಶಕ ಬೇಡ ಅಂದ ಎಫ್‌ಎಸ್‌ಎಸ್‌ಎಐ ಇದಕ್ಕೆ ಮಾತ್ರ ಹೇಳಿದ ಅಳತೆ 50 ಪಿಪಿಎಂ, ಅಂದರೆ ಒಂದು ಲೀಟರ್ ನೀರಿನಲ್ಲಿ 50 ಮಿಲಿಗ್ರಾಂ ಕ್ಲೋರಿನ್. ನೀರಿಗೆ, ಆಹಾರಕ್ಕೆ ಅಂತ ಲೇಬಲ್ ಇರುವ ಕ್ಲೋರಿನ್ ಮಾತ್ರೆ ಅಥವಾ ಹನಿಯನ್ನೇ ತನ್ನಿ, ಲೇಬಲ್ಲಿನ ಅಳತೆಯನ್ನೇ ಅನುಸರಿಸಿ. ನೆಲ ಒರೆಸುವ, ಬಟ್ಟೆಗೆ ಹಾಕುವ ಸುವಾಸನೆಯ ಬ್ಲೀಚ್ ತರಕಾರಿ ಹತ್ತಿರ ಬರಬಾರದು. ಇನ್ನೊಂದು ವಿಷಯ. ಮಣ್ಣಿರುವ ಸೊಪ್ಪನ್ನು ನೇರ ಕ್ಲೋರಿನ್ ನೀರಿಗೆ ಹಾಕಿದರೆ ಕ್ಲೋರಿನ್ ಎಲ್ಲ ಆ ಮಣ್ಣು, ಕಸದಲ್ಲೇ ಖರ್ಚಾಗಿಬಿಡುತ್ತದೆ. ಮೊದಲು ಮಣ್ಣು ಹೋಗಬೇಕು, ಆಮೇಲೆ ಕ್ಲೋರಿನ್, ಕೊನೆಗೆ ಕುಡಿಯುವ ನೀರಿನಲ್ಲಿ ಜಾಲಿಸಬೇಕು. ದಿನಾ ಇಷ್ಟೆಲ್ಲ ಬೇಕಾ? ಬೇಡ. ಊರಲ್ಲಿ ಜಾಂಡೀಸ್ ಓಡಾಡುತ್ತಿದ್ದರೆ, ಮನೆಯಲ್ಲಿ ಬಸುರಿಯೋ, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರೋ ಇದ್ದರೆ, ಹಸಿಯಾಗಿ ತಿನ್ನುವುದಕ್ಕೆ ಮಾತ್ರ ಮಾಡಿ. ಅಂಥ ಸಮಯದಲ್ಲಿ ಹಸಿ ತಿನ್ನುವುದನ್ನೇ ಕೆಲವು ದಿನ ಬಿಟ್ಟುಬಿಡುವುದು ಇನ್ನೂ ಸುಲಭ.

ಉಳಿದ ದಿನಗಳಿಗೆ ಬರೀ ನೀರು. ಇದು ವೈರಸ್ಸನ್ನು ಕೊಲ್ಲುವುದಿಲ್ಲ, ಕಿತ್ತು ಹಾಕುತ್ತದೆ. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೋಗುತ್ತದೆ. ಇಲ್ಲಿ ಉಜ್ಜುವುದೇ ಮುಖ್ಯ. ಬಟ್ಟಲಲ್ಲಿ ಅದ್ದಿಟ್ಟರೆ ಸಾಲದು. ಸೌತೆಕಾಯಿ, ಕ್ಯಾರೆಟ್, ಮಾವಿನಹಣ್ಣು, ಕಲ್ಲಂಗಡಿ ಎಲ್ಲವನ್ನೂ ಸಿಪ್ಪೆ ತೆಗೆಯುವ ಮೊದಲೇ ತೊಳೆಯಬೇಕು. ಇಲ್ಲದಿದ್ದರೆ ಸಿಪ್ಪೆಯ ಮೇಲಿದ್ದದ್ದನ್ನು ಚಾಕು ಒಳಗೆ ಎಳೆದುಕೊಂಡು ಹೋಗುತ್ತದೆ. ಕಲ್ಲಂಗಡಿಯನ್ನು ಎಷ್ಟು ಜನ ತೊಳೆಯುತ್ತಾರೆ ಹೇಳಿ?

ಕೊತ್ತಂಬರಿ ಕಟ್ಟನ್ನು ಮಾತ್ರ ಹೀಗೆ ತೊಳೆಯಿರಿ. ಕಟ್ಟು ಬಿಚ್ಚಿ, ಬೇರಿನ ಕಡೆ ಎರಡು ಇಂಚು ಕತ್ತರಿಸಿ ಎಸೆಯಿರಿ. ಮಣ್ಣು ಇರುವುದೇ ಅಲ್ಲಿ. ಹಳದಿ ಆದ, ಕೊಳೆತ ಎಲೆ ತೆಗೆಯಿರಿ. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಕೈಯಲ್ಲಿ ಚೆನ್ನಾಗಿ ಅಲ್ಲಾಡಿಸಿ. ಒಂದು ನಿಮಿಷ ಬಿಡಿ, ಮಣ್ಣು ತಳಕ್ಕೆ ಕೂರುತ್ತದೆ. ಈಗ ಸೊಪ್ಪನ್ನು ಮೇಲಿನಿಂದ ಎತ್ತಿ ತೆಗೆಯಿರಿ. ನೀರಿನ ಸಮೇತ ಜರಡಿಗೆ ಬಗ್ಗಿಸಿದರೆ ತಳದ ಮರಳೆಲ್ಲ ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಮೊದಲ ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತದೆ. ಎರಡನೆಯದು ಸ್ವಲ್ಪ ಮಬ್ಬು. ಮೂರನೇ ಸಲ ಬೋಗುಣಿಯ ತಳ ಸವರಿದರೆ ಬೆರಳಿಗೆ ಮರಳು ಸಿಗಬಾರದು, ಸಿಕ್ಕರೆ ಇನ್ನೊಂದು ಸಲ. ಕೊನೆಯ ಜಾಲಿಕೆಗೆ ಕುಡಿಯುವ ನೀರನ್ನೇ ಬಳಸಿ. ನಮ್ಮಂಥ ಬೆಂಗಳೂರಿನ ಮನೆಗಳಲ್ಲಿ ಸಿಂಕಿನ ನಲ್ಲಿಗೆ ಬರುವುದು ಟ್ಯಾಂಕರ್ ನೀರೋ, ಬೋರ್‌ವೆಲ್ ನೀರೋ, ಸಂಪಿನಲ್ಲಿ ಎರಡೂ ಸೇರಿದ್ದೋ ಗೊತ್ತಿರುವುದಿಲ್ಲ. ಆ ನೀರಿನಲ್ಲೇ ತೊಳೆದು ಕೋಸಂಬರಿಗೆ ಹಾಕಿದರೆ, ತೊಳೆದೂ ಪ್ರಯೋಜನ ಇಲ್ಲದಂತಾಗಬಹುದು. ಎರಡು ಲೋಟ ಒಳ್ಳೆಯ ನೀರು ಸಾಕು.

ಸಾರಿಗೆ ಹಾಕುವ ಕೊತ್ತಂಬರಿಗೆ ಇನ್ನೂ ಸುಲಭದ ದಾರಿ ಇದೆ. ಒಲೆ ಆರಿಸಿದ ಮೇಲೆ ಹಾಕುವ ಬದಲು ಕುದಿಯುವಾಗಲೇ ಹಾಕಿ ಎರಡು ನಿಮಿಷ ಬಿಡಿ. ಘಮ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಮಳೆಗಾಲದಲ್ಲಿ ನಾನು ಹೀಗೇ ಮಾಡುತ್ತೇನೆ.

ತಂದ ಕೂಡಲೇ ತೊಳೆಯಬೇಕಾ, ಬಳಸುವ ಮುಂಚೆ ತೊಳೆಯಬೇಕಾ? ಸೊಪ್ಪು, ತರಕಾರಿ ಬಳಸುವ ಮುಂಚೆ. ಒದ್ದೆಯಲ್ಲಿ ಇಟ್ಟ ಸೊಪ್ಪು ಎರಡೇ ದಿನಕ್ಕೆ ಕೊಳೆಯುತ್ತದೆ. ಒಣ ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿಡಿ. ಮಕ್ಕಳು ನೇರ ತೆಗೆದು ಕಚ್ಚುವ ಸೇಬು, ಸೀಬೆಯನ್ನು ಮಾತ್ರ ತಂದ ದಿನವೇ ತೊಳೆದು, ಒರೆಸಿ, ಒಣಗಿಸಿ ಇಡಿ.

ಬಾವಲಿಯೋ ಅಳಿಲೋ ಕಚ್ಚಿದ ಗುರುತಿರುವ ಹಣ್ಣಿಗೆ ಯಾವ ವಿಧಾನವೂ ಬೇಡ. ಕಚ್ಚಿದ ಭಾಗ ಕತ್ತರಿಸಿ ಉಳಿದದ್ದು ತಿನ್ನಬೇಡಿ, ಇಡಿಯಾಗಿ ಎಸೆಯಿರಿ. ನಿಪಾ ವೈರಸ್ ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುತ್ತದೆ. ಬಾಂಗ್ಲಾದೇಶದಲ್ಲಿ ಅದು ಜನಕ್ಕೆ ತಗಲಿದ್ದು ಹೆಚ್ಚಾಗಿ ಬಾವಲಿ ಬಾಯಿಟ್ಟ ಖರ್ಜೂರದ ಮರದ ಹಸಿ ರಸದಿಂದ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲೇ ನಿಪಾ ಬಂತು. ತೋಟದಲ್ಲಿ ಬಿದ್ದ ಸೀಬೆ, ಸಪೋಟ, ಗೇರುಹಣ್ಣು ಆರಿಸುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಬಿಸಿ: ಕುಕ್ಕರ್, ಬಾಣಲೆ, ಅರ್ಧ ಬೆಂದ ಮೊಟ್ಟೆ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ, ಆಹಾರದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೊರೋನಾ, ಕೋಳಿಜ್ವರದಂಥ ಹೊದಿಕೆಯ ವೈರಸ್‌ಗೆ ಇದು ಸಾಕು. ಹೆಪಟೈಟಿಸ್ ಎ ಇನ್ನೂ ಜಾಸ್ತಿ ಬಿಸಿ ಕೇಳುತ್ತದೆ, 85 ಡಿಗ್ರಿಯಲ್ಲಿ ಒಂದು ನಿಮಿಷ. ಕುದಿಯುವ ಸಾಂಬಾರು 100ರ ಹತ್ತಿರ ಇರುತ್ತದೆ. ಕುಕ್ಕರಿನಲ್ಲಿ ಅದಕ್ಕೂ ಮೇಲೆ. ಆದ್ದರಿಂದ ಹುಳಿ, ಪಲ್ಯ, ಕೂಟು ಮಾಡುವವರು ಆ ತರಕಾರಿಯ ವೈರಸ್ ಬಗ್ಗೆ ಚಿಂತೆ ಮಾಡಬೇಕಿಲ್ಲ. ದೊಡ್ಡ ಉರಿಯಲ್ಲಿ ಒಂದು ನಿಮಿಷ ಬಾಡಿಸಿ ಇಳಿಸುವ ಅಡುಗೆಗೆ ಆ ಭರವಸೆ ಇಲ್ಲ.

ಅರೆಬೇಯಿಸುವುದು ಎಷ್ಟು ದೊಡ್ಡ ಅನಾಹುತ ತರಬಹುದು ಅನ್ನುವುದಕ್ಕೆ 1988ರ ಶಾಂಘೈ ನೋಡಿ. ಅಲ್ಲಿಯವರಿಗೆ ಒಂದು ಬಗೆಯ ಚಿಪ್ಪುಮೀನನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತಿನ್ನುವ ಅಭ್ಯಾಸ ಇತ್ತು. ಆ ಚಿಪ್ಪುಮೀನು ಬೆಳೆದದ್ದು ಕೊಳಚೆ ಸೇರಿದ ನೀರಿನಲ್ಲಿ. ಚಿಪ್ಪುಮೀನು ನೀರನ್ನು ಸೋಸಿ ಸೋಸಿ ಬದುಕುವ ಪ್ರಾಣಿ. ನೀರಿನಲ್ಲಿ ಚದುರಿದ್ದ ವೈರಸ್ ಅದರ ಹೊಟ್ಟೆಯಲ್ಲಿ ಒಟ್ಟಾಗುತ್ತದೆ. ಕೆಲವೇ ವಾರಗಳಲ್ಲಿ ಸುಮಾರು 3 ಲಕ್ಷ ಜನಕ್ಕೆ ಜಾಂಡೀಸ್ ಬಂತು. ಚಿಪ್ಪುಮೀನಿಗೆ ಈಗ ಹೇಳುವ ಅಳತೆ, ಒಳಗೆ 90 ಡಿಗ್ರಿ, 90 ಸೆಕೆಂಡು. ನಮ್ಮ ಕರಾವಳಿಯಲ್ಲಿ ಮರುವಾಯಿಯನ್ನು ಬೇಯಿಸಿ, ಬಾಯಿ ಬಿಟ್ಟ ಮೇಲೆ ಮಸಾಲೆಯಲ್ಲಿ ಮತ್ತೆ ಕುದಿಸುತ್ತಾರಲ್ಲ, ಅದು ಸರಿಯಾದ ಕ್ರಮ. ಬಾಯಿ ಬಿಟ್ಟ ಕೂಡಲೇ ಆಯಿತು ಅಂತ ಇಳಿಸಬೇಡಿ.

2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕೋಳಿಜ್ವರ ಕಾಣಿಸಿಕೊಂಡಾಗ ತುಂಬಾ ಮನೆಗಳಲ್ಲಿ ಮೊಟ್ಟೆ, ಕೋಳಿ ಎರಡೂ ನಿಂತವು. ಪೂರ್ತಿ ಬೇಯಿಸಿದ ಮೊಟ್ಟೆ, ಕೋಳಿಗೆ ಭಯ ಬೇಕಿಲ್ಲ. ಹಳದಿ ಹರಿಯುವ ಹಾಫ್ ಬಾಯಿಲ್ ಅಂಥ ಸಮಯದಲ್ಲಿ ಬೇಡ. ಕೋಳಿ ತೊಳೆಯುವ ವಿಷಯದಲ್ಲಿ ಹೊರದೇಶದವರು ತೊಳೆಯಲೇಬೇಡಿ ಅನ್ನುತ್ತಾರೆ, ನೀರು ಸುತ್ತ ಸಿಡಿಯುತ್ತದೆ ಅಂತ. ನಮ್ಮ ಅಂಗಡಿಯ ಕೋಳಿಯಲ್ಲಿ ರಕ್ತ, ಗರಿ ಇರುವುದರಿಂದ ಅದು ಆಗದ ಮಾತು. ಆದರೆ ಜೋರಾಗಿ ಬಿಟ್ಟ ನಲ್ಲಿಯ ಕೆಳಗೆ ಹಿಡಿಯಬೇಡಿ. ಪಾತ್ರೆಯಲ್ಲಿ ನೀರು ತುಂಬಿ ನಿಧಾನಕ್ಕೆ ತೊಳೆದು ಬಗ್ಗಿಸಿ, ಆಮೇಲೆ ಸಿಂಕ್ ಉಜ್ಜಿ. ಕೋಳಿ ಕತ್ತರಿಸಿದ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚಬೇಡಿ.

ಹಾಲಿನ ವಿಷಯ ಸರಳ. ಪ್ಯಾಕೆಟ್ ಹಾಲನ್ನು ಮೊದಲೇ 72 ಡಿಗ್ರಿಯಲ್ಲಿ 15 ಸೆಕೆಂಡು ಪಾಶ್ಚರೀಕರಿಸಿರುತ್ತಾರೆ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡಿರುತ್ತಾರೆ. ಮನೆಬಾಗಿಲಿಗೆ ಬರುವ ಹಸಿ ಹಾಲನ್ನು ಉಕ್ಕುವವರೆಗೆ ಕಾಯಿಸಲೇಬೇಕು.

ಫ್ರಿಜ್, ಫ್ರೀಜರ್ ನಂಬಬಹುದಾ?

ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯಲು ನಂಬಬಹುದು. ಅಡುಗೆ ಮಾಡಿದ 2 ಗಂಟೆಯೊಳಗೆ ಫ್ರಿಜ್ಜಿಗೆ, 5 ಡಿಗ್ರಿಗಿಂತ ಕೆಳಗೆ. ಆದರೆ ವೈರಸ್ ಆಹಾರದಲ್ಲಿ ಬೆಳೆಯುವುದೇ ಇಲ್ಲ, ಸುಮ್ಮನೆ ಕಾಯುತ್ತಾ ಕೂರುತ್ತದೆ. ತಂಪು ಅದಕ್ಕೆ ಅನುಕೂಲ. ಫ್ರೀಜರಿನಲ್ಲಿ ಹೆಪಟೈಟಿಸ್ ಎ ತಿಂಗಳುಗಟ್ಟಲೆ ಜೀವಂತ ಇರುತ್ತದೆ. 2013ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ, 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಜಾಂಡೀಸ್ ಹರಡಿದ್ದು ಫ್ರೀಜ್ ಮಾಡಿದ ಬೆರ್ರಿ ಹಣ್ಣುಗಳಿಂದ. ಹೊರದೇಶದಲ್ಲಿರುವ ನಮ್ಮವರು ಆ ಹಣ್ಣನ್ನು ನೇರ ಮಿಕ್ಸಿಗೆ ಹಾಕಿ ಸ್ಮೂದಿ ಮಾಡುತ್ತಾರೆ. ಒಂದು ಕುದಿ ಬರಿಸಿ, ಆರಿಸಿ ಬಳಸಿದರೆ ಒಳ್ಳೆಯದು.

ನೀರಿನ ಫಿಲ್ಟರ್‌ಗಳಲ್ಲೂ ಇದೇ ರೀತಿ ವ್ಯತ್ಯಾಸ ಇದೆ. ಕ್ಯಾಂಡಲ್ ಫಿಲ್ಟರ್ ಮಣ್ಣನ್ನು, ಸಾಕಷ್ಟು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ವೈರಸ್ ಅದರ ರಂಧ್ರಕ್ಕಿಂತ ಎಷ್ಟೋ ಸಣ್ಣದು, ನುಸುಳಿ ಬರುತ್ತದೆ. ಸರಿಯಾಗಿ ಸರ್ವೀಸ್ ಆದ ಆರ್‌ಒ, ಯುವಿ ಯಂತ್ರಗಳು ವೈರಸ್‌ಗೂ ಆಗುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದ ನೀರು ಎಲ್ಲಕ್ಕೂ ಆಗುತ್ತದೆ. 2024ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯ ವೆಂಗೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನಕ್ಕೆ ಜಾಂಡೀಸ್ ಬಂದದ್ದು ಕುಡಿಯುವ ನೀರಿನಿಂದಲೇ. ಬೇಸಿಗೆಯಲ್ಲಿ ಟ್ಯಾಂಕರ್ ನಂಬಿದ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಕುದಿಸಿದ ನೀರೇ.

ಕೈ, ಮತ್ತು ಅಡುಗೆ ಮಾಡುವವರು

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು. ಆಹಾರದಿಂದ ಹರಡುವ ವೈರಸ್ ತಟ್ಟೆಗೆ ಬರುವುದು ಬಹಳ ಸಲ ಪ್ಯಾಕೆಟ್ಟಿನಿಂದಲೂ ಅಲ್ಲ, ತರಕಾರಿಯಿಂದಲೂ ಅಲ್ಲ, ಅಡುಗೆ ಮಾಡಿದವರ, ಬಡಿಸಿದವರ ಕೈಯಿಂದ.

ಸೋಪು, ಸ್ಯಾನಿಟೈಸರ್, ಗ್ಲೌಸ್. ಈ ಮೂರರಲ್ಲಿ ಸೋಪೇ. ಸೋಪಿಗೆ ನೋರೋವೈರಸ್ ಸಾಯುವುದಿಲ್ಲ ಅಂದೆನಲ್ಲ, ಮತ್ತೆ ಹೇಗೆ? ಇಲ್ಲಿ ಅದು ಕೊಲ್ಲಬೇಕಿಲ್ಲ. 20 ಸೆಕೆಂಡು ಉಜ್ಜಿದಾಗ ವೈರಸ್ ಚರ್ಮದಿಂದ ಬಿಟ್ಟು ನೀರಿನ ಜೊತೆ ಹೋಗುತ್ತದೆ. ಸ್ಯಾನಿಟೈಸರ್ ಹಚ್ಚಿದರೆ ವೈರಸ್ ಕೈಯಲ್ಲೇ ಉಳಿಯುತ್ತದೆ. ಗ್ಲೌಸ್ ಹಾಕಿಕೊಂಡು ದುಡ್ಡು, ಫೋನು, ಇಡ್ಲಿ ಮೂರನ್ನೂ ಮುಟ್ಟಿದರೆ ಬರಿಗೈಗಿಂತ ಯಾವ ರೀತಿಯಲ್ಲೂ ಮೇಲಲ್ಲ. ಉಗುರಿನ ಸಂದಿ, ಹೆಬ್ಬೆರಳು, ಬಳೆಯ ಕೆಳಗೆ ಬಿಟ್ಟುಹೋಗುತ್ತದೆ, ನೆನಪಿಡಿ. ತೊಳೆದ ಕೈಯನ್ನು ಬೆಳಿಗ್ಗೆಯಿಂದ ಒದ್ದೆಯಾಗಿರುವ ಮಸಿಬಟ್ಟೆಗೆ ಒರೆಸಿಕೊಂಡರೆ ತೊಳೆದದ್ದು ದಂಡ. ಕೈಗೆ ಬೇರೆಯೇ ಒಂದು ಒಣ ಬಟ್ಟೆ ಇರಲಿ.

ಹೆಪಟೈಟಿಸ್ ಎ ಇನ್ನೂ ಕಷ್ಟದ್ದು. ಕಣ್ಣು ಹಳದಿ ಆಗುವ ಒಂದೆರಡು ವಾರ ಮುಂಚೆಯೇ ಅದು ಮಲದಲ್ಲಿ ಹೊರಬರುತ್ತಿರುತ್ತದೆ. ಆ ಮನುಷ್ಯನಿಗೆ ತನಗೆ ಕಾಯಿಲೆ ಇದೆ ಅಂತಲೇ ಗೊತ್ತಿರುವುದಿಲ್ಲ. ವೈರಸ್ ಒಳಹೊಕ್ಕು ಲಕ್ಷಣ ಕಾಣಲು 15ರಿಂದ 50 ದಿನ ಬೇಕು. ಆದ್ದರಿಂದ ಶೌಚಾಲಯದಿಂದ ಬಂದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಾಯಿಲೆ ಇರುವವರಿಗೆ ಮಾತ್ರ ಹೇಳುವ ಮಾತಲ್ಲ. ಇದಕ್ಕೆ ಲಸಿಕೆಯೂ ಇದೆ, ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಹಿಂದೆ ನಮ್ಮಲ್ಲಿ ಹೆಚ್ಚಿನವರಿಗೆ ಸಣ್ಣ ವಯಸ್ಸಿನಲ್ಲೇ ಗೊತ್ತಾಗದಂತೆ ಬಂದು ಹೋಗುತ್ತಿತ್ತು. ಈಗ ಶುಚಿಯಾದ ನೀರು ಕುಡಿದು ಬೆಳೆದವರಿಗೆ ದೊಡ್ಡವರಾದ ಮೇಲೆ ಬರುತ್ತಿದೆ. ಆ ವಯಸ್ಸಿನಲ್ಲಿ ಬಂದರೆ ಜಾಸ್ತಿ ಕಾಡುತ್ತದೆ.

ಮನೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಫಿನಾಯಿಲ್ ಹಾಕಿ ಒರೆಸುವುದು ನಮ್ಮ ರೂಢಿ. ವಾಸನೆ ಹೋಗುತ್ತದೆ, ನೋರೋವೈರಸ್ ಹೋಗುವುದಿಲ್ಲ. ಅದಕ್ಕೆ ಬ್ಲೀಚಿಂಗ್ ಪೌಡರ್ ಬೇಕು. ಒಳ್ಳೆಯ ಪೌಡರ್ ಆದರೆ ಒಂದು ಲೀಟರ್ ನೀರಿಗೆ 3 ಗ್ರಾಂ ಹಾಕಿದರೆ ಸುಮಾರು 1,000 ಪಿಪಿಎಂ ಆಗುತ್ತದೆ. ಇದು ನೆಲ, ಕಟ್ಟೆ, ಬಚ್ಚಲಿಗೆ ಮಾತ್ರ, ತರಕಾರಿಗೆ ಖಂಡಿತ ಅಲ್ಲ. ಮೊದಲು ಪೇಪರಿನಿಂದ ವಾಂತಿಯನ್ನು ಪೂರ್ತಿ ತೆಗೆದು, ಆಮೇಲೆ ಈ ನೀರು ಹಾಕಿ ಐದು ನಿಮಿಷವಾದರೂ ಬಿಟ್ಟು ಒರೆಸಿ. ಕಿಟಕಿ ತೆಗೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. 2021ರ ನವೆಂಬರ್‌ನಲ್ಲಿ ವಯನಾಡಿನ ಪೂಕೋಡಿನ ಪಶುವೈದ್ಯ ಕಾಲೇಜಿನಲ್ಲಿ 13 ವಿದ್ಯಾರ್ಥಿಗಳಿಗೆ ನೋರೋವೈರಸ್ ಬಂದಿತ್ತು. ಗುಂಪಾಗಿ ಇರುವ ಜಾಗದಲ್ಲಿ, ಹಾಸ್ಟೆಲಿನಲ್ಲಿ, ದೊಡ್ಡ ಕುಟುಂಬದಲ್ಲಿ ಅದು ಬೇಗ ಓಡುತ್ತದೆ.

ವಾಂತಿ-ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಅಡುಗೆ ಮಾಡಬಾರದು, ಬಡಿಸಬಾರದು. ಓದಲು ಸುಲಭ, ಮನೆಯಲ್ಲಿ ನಡೆಸುವುದು ಕಷ್ಟ. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಅಡುಗೆ ಮಾಡುವವರು ಒಬ್ಬರೇ, ಅವರು ಸ್ವಲ್ಪ ಎದ್ದು ನಿಂತ ಕೂಡಲೇ ಒಲೆ ಹಚ್ಚುತ್ತಾರೆ. ಕಳೆದ ಮಳೆಗಾಲದಲ್ಲಿ ನನಗೇ ಹಾಗಾಯಿತು. ಎರಡು ದಿನ ನಮ್ಮವರೇ ಅನ್ನ, ತಿಳಿಸಾರು ಮಾಡಿದರು. ಮಗಳು ಕೈ ತೊಳೆದುಕೊಂಡು ಬಡಿಸಿದಳು. ನನ್ನ ಗಂಜಿ, ಲೋಟ, ತಟ್ಟೆ ರೂಮಿಗೇ ಬಂತು. ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ವಾಂತಿ ಬರಲಿಲ್ಲ.